ಬಿಕಾಂ ಫೈನಾನ್ಸ್ ಮುಗಿಯುತ್ತಾ ಬಂತು: ಬ್ಯಾಂಕ್ ಕೆಲಸ ಅಂದರೆ ನಿಜವಾಗಿ ಯಾವ ಕೆಲಸ?

ಕಲ್ಪತರು_ಬಿಕಾಂ

ಎಲ್ಲರಿಗೂ ನಮಸ್ಕಾರ. ನಮ್ಮೂರು ತಿಪಟೂರು ಹತ್ತಿರ. ತುಮಕೂರಿನಲ್ಲಿ ಬಿಕಾಂ ಕೊನೆಯ ವರ್ಷ ಓದುತ್ತಿದ್ದೇನೆ, ಫೈನಾನ್ಸ್ ತಗೊಂಡಿದ್ದೇನೆ. ರೇಷಿಯೋ ಅನಾಲಿಸಿಸ್, ಅಂದರೆ ವ್ಯಾಪಾರದ ಅಂಕಿಗಳನ್ನ ಒಂದಕ್ಕೊಂದು ಹೋಲಿಸಿ ಅದರ ಸ್ಥಿತಿ ಅಳೆಯುವ ಲೆಕ್ಕ ಹಿಡಿದು ಕೂತರೆ ನನಗೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಹಾಗಾಗಿ ಈ ವಿಷಯದಲ್ಲೇ ಮುಂದೆ ಹೋಗಬೇಕು ಅಂತ ಆಸೆ.

ಮನೆಯಲ್ಲಿ, ಕಾಲೇಜಿನಲ್ಲಿ ಎಲ್ಲರೂ "ಬ್ಯಾಂಕ್ ಕೆಲಸ ನೋಡು" ಅನ್ನುತ್ತಾರೆ. ಆದರೆ ಒಬ್ಬೊಬ್ಬರ ಮನಸ್ಸಲ್ಲಿ ಇರುವ ಬ್ಯಾಂಕೇ ಬೇರೆ. ಅಪ್ಪನಿಗೆ ಸರ್ಕಾರಿ ಬ್ಯಾಂಕೇ ಆಗಬೇಕು. ಸೀನಿಯರ್ ಅಕ್ಕಂದಿರು ಬೆಂಗಳೂರಿನಲ್ಲಿ ವಿದೇಶಿ ಬ್ಯಾಂಕ್‌ಗಳ ಆಫೀಸಿಗೆ ಸೇರಿದ್ದಾರೆ. ಕ್ಯಾಂಪಸ್‌ಗೆ ಬಂದಿದ್ದು ಒಂದು ಪ್ರೈವೇಟ್ ಬ್ಯಾಂಕ್. ಸಂಬಳ ಎಷ್ಟು, ಪರೀಕ್ಷೆ ಯಾವಾಗ ಅನ್ನುವುದು ಎಲ್ಲಿ ಬೇಕಾದರೂ ಸಿಗುತ್ತದೆ. ನನಗೆ ಬೇಕಿರುವುದು ಅದಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ನೀವು ಏನು ಮಾಡುತ್ತೀರಿ? ನಾನು ಮೂರು ವರ್ಷ ಓದಿದ್ದು ಯಾವ ಕುರ್ಚಿಯಲ್ಲಿ ಕೂತರೆ ಉಪಯೋಗಕ್ಕೆ ಬರುತ್ತದೆ? ಅನುಭವ ಇರುವವರು ದಯವಿಟ್ಟು ಹೇಳಿ.

ಕೌಂಟರ್_3

ಒಳ್ಳೆ ಪ್ರಶ್ನೆ ತಂಗಿ. ನಾನು ಸರ್ಕಾರಿ ಬ್ಯಾಂಕಿನಲ್ಲಿ ಕ್ಲರ್ಕ್. ಈಗ ಆ ಹುದ್ದೆಯನ್ನ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಅಂತ ಕರೆಯುತ್ತಾರೆ. ಎಸ್‌ಬಿಐನಲ್ಲಾದರೆ ಜೂನಿಯರ್ ಅಸೋಸಿಯೇಟ್. ಕೆಲಸ ಅದೇ.

ನನ್ನ ದಿನ ಹೀಗೆ. ಹತ್ತಕ್ಕೆ ಮುಂಚೆ ಕ್ಯಾಶ್ ತೆಗೆಯುವುದು. ಆಮೇಲೆ ಕ್ಯಾಶ್ ಕೌಂಟರ್, ಇಲ್ಲ ಪಾಸ್‌ಬುಕ್, ಚೆಕ್, ಆರ್‌ಟಿಜಿಎಸ್ ಚಲನ್. ನಮ್ಮ ಶಾಖೆಯಲ್ಲಿ ಜಾಸ್ತಿ ಬರುವ ಪ್ರಶ್ನೆ ಗೃಹಲಕ್ಷ್ಮಿ ಹಣದ್ದು. "ಎರಡು ಸಾವಿರ ಬಂದಿಲ್ಲ ನೋಡಪ್ಪ" ಅಂತ ಅಜ್ಜಿ ಬರುತ್ತಾರೆ. ನೋಡಿದರೆ ಹಣ ಬಂದಿದೆ, ಆದರೆ ಅವರ ಆಧಾರ್ ಬೇರೆ ಬ್ಯಾಂಕಿನ ಹಳೇ ಖಾತೆಗೆ ಮ್ಯಾಪ್ ಆಗಿರುತ್ತದೆ. ಅದನ್ನ ಹುಡುಕಿ, ಅವರಿಗೆ ಅರ್ಥ ಮಾಡಿಸಿ, ಫಾರ್ಮ್ ತುಂಬಿಸಿ ಕಳಿಸುವಷ್ಟರಲ್ಲಿ ಹಿಂದೆ ಹತ್ತು ಜನ ನಿಂತಿರುತ್ತಾರೆ. ಸಂಜೆ ಕ್ಯಾಶ್ ಟ್ಯಾಲಿ ಆಗಬೇಕು.

ನಿಮ್ಮ ರೇಷಿಯೋ ಇಲ್ಲಿ ಬೇಕಾಗಲ್ಲ. ತಾಳ್ಮೆ, ಕನ್ನಡ, ಬೆರಳಿನ ವೇಗ ಬೇಕು. ಆದರೆ ಒಂದು ಮಾತು. ಕ್ಲರ್ಕ್ ಹುದ್ದೆಗೆ ರಾಜ್ಯ ಆರಿಸಿಕೊಂಡೇ ಅರ್ಜಿ ಹಾಕುವುದು, ಸ್ಥಳೀಯ ಭಾಷೆ ಗೊತ್ತಿರಲೇಬೇಕು. ಹಾಗಾಗಿ ಸಾಮಾನ್ಯವಾಗಿ ಕರ್ನಾಟಕದಲ್ಲೇ ಇರುತ್ತೀರಿ. ಇಂಟರ್ವ್ಯೂ ಇಲ್ಲ. ಒಳಗಿನಿಂದಲೇ ಪ್ರಮೋಷನ್ ಪರೀಕ್ಷೆ ಬರೆದು ಆಫೀಸರ್ ಆಗಬಹುದು. ನಾನೂ ಅದಕ್ಕೇ ಓದುತ್ತಿದ್ದೇನೆ.

ಗಡಿಜಿಲ್ಲೆ_ಪಿಒ

ನಾನು ಐಬಿಪಿಎಸ್ (ಸರ್ಕಾರಿ ಬ್ಯಾಂಕುಗಳಿಗೆ ಒಟ್ಟಾಗಿ ಪರೀಕ್ಷೆ ನಡೆಸುವ ಸಂಸ್ಥೆ) ಪರೀಕ್ಷೆ ಬರೆದು ಪ್ರೊಬೇಷನರಿ ಆಫೀಸರ್ (ಪಿಒ) ಆದವಳು. ಊರು ಮೈಸೂರು, ಈಗ ಇರುವುದು ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆಯ ಒಂದು ಶಾಖೆ. ನನ್ನ ಜೊತೆ ಸೇರಿದವರಲ್ಲಿ ಕೆಲವರು ಉತ್ತರ ಪ್ರದೇಶಕ್ಕೆ ಹೋದರು. ಪಿಒ ಅಂದರೆ ದೇಶದಲ್ಲಿ ಎಲ್ಲಿಗೆ ಹಾಕಿದರೂ ಹೋಗಬೇಕು. ಇದನ್ನ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಮೊದಲು ಪರೀಕ್ಷೆಯ ಬಗ್ಗೆ ಒಂದು ವಿಚಾರ ಹೇಳಿಬಿಡುತ್ತೇನೆ, ಫೈನಾನ್ಸ್ ಓದಿದವರು ಇಲ್ಲೇ ಎಡವುತ್ತಾರೆ. ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್, ಲೆಕ್ಕ, ರೀಸನಿಂಗ್ ಅಷ್ಟೇ. ಒಟ್ಟು ಒಂದು ಗಂಟೆ, ತಲಾ 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಟ್. ಅಕೌಂಟೆನ್ಸಿ ಒಂದು ಪ್ರಶ್ನೆಯೂ ಇರಲ್ಲ. ಎಂಜಿನಿಯರಿಂಗ್ ಮುಗಿಸಿದವರು, ಬಿಎಸ್ಸಿ ಅಗ್ರಿ ಮಾಡಿದವರು, ಎಲ್ಲರೂ ನಿಮ್ಮ ಜೊತೆ ಒಂದೇ ಗೆರೆಯಲ್ಲಿ ನಿಂತಿರುತ್ತಾರೆ. ಮೇನ್ಸ್‌ಗೆ ಬಂದಾಗ ಬ್ಯಾಂಕಿಂಗ್, ಆರ್ಥಿಕತೆ ಬರುತ್ತದೆ, ಅಲ್ಲಿ ಸ್ವಲ್ಪ ಅನುಕೂಲ. ಕೊನೆಯ ಪಟ್ಟಿಗೆ ಮೇನ್ಸ್ ಮತ್ತು ಇಂಟರ್ವ್ಯೂ 80:20 ಲೆಕ್ಕದಲ್ಲಿ ಸೇರುತ್ತವೆ. ಪ್ರಿಲಿಮ್ಸ್ ಅಂಕ ಅಲ್ಲಿಗೇ ಮುಗಿಯಿತು.

ದಿನದ ಕೆಲಸಕ್ಕೆ ಬಂದರೆ, ನನ್ನ ಮೇಜಿನ ಮೇಲೆ ಜಾಸ್ತಿ ಇರುವುದು ಕಿಸಾನ್ ಕ್ರೆಡಿಟ್ ಕಾರ್ಡ್ ರಿನ್ಯೂವಲ್, ಚಿನ್ನದ ಸಾಲ, ಮುದ್ರಾ ಸಾಲ. ಪಹಣಿ ನೋಡುವುದು, ಎಷ್ಟು ಎಕರೆಯಲ್ಲಿ ಯಾವ ಬೆಳೆ ಅಂತ ನೋಡುವುದು, ಬೆಳೆಗೆ ನಿಗದಿಯಾದ ದರದ ಪ್ರಕಾರ ಲಿಮಿಟ್ ಹಾಕುವುದು. ಬಡ್ಡಿ 7%, ಸಕಾಲಕ್ಕೆ ಕಟ್ಟಿದರೆ 3% ವಾಪಸ್, ಅಲ್ಲಿಗೆ 4% ಬೀಳುತ್ತದೆ. ಮಧ್ಯಾಹ್ನದ ಮೇಲೆ ಫೋನ್ ಹಿಡಿದು ಕೂರುವುದು. ಕಂತು ಕಟ್ಟದೆ 30 ದಿನದವರೆಗೆ ಆದವರು ಒಂದು ಪಟ್ಟಿ, 60ರವರೆಗೆ ಇನ್ನೊಂದು, 90ರ ಹತ್ತಿರ ಬಂದವರು ಮತ್ತೊಂದು. 90 ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬೆಳೆ ಸಾಲಕ್ಕೆ ಲೆಕ್ಕ ಬೇರೆ, ಅಲ್ಲಿ ಬೆಳೆಯ ಹಂಗಾಮು ನೋಡುತ್ತಾರೆ.

ಅದರ ಜೊತೆಗೆ ಇನ್ಶೂರೆನ್ಸ್ ಮಾರಬೇಕು. ಸರ್ಕಾರಿ ಬ್ಯಾಂಕಿನಲ್ಲಿ ಟಾರ್ಗೆಟ್ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸಂಬಳ ಕೇಳಿಲ್ಲ ನೀವು, ಆದರೂ ಗೊತ್ತಿರಲಿ. 2024ರ ಮಾರ್ಚ್ ಒಪ್ಪಂದದ ನಂತರ ಸ್ಕೇಲ್ 1 ಆಫೀಸರ್ ಮೂಲ ವೇತನ 48,480ರಿಂದ ಶುರು. ಕ್ಲರ್ಕ್‌ಗೆ 24,050. ಇದರ ಮೇಲೆ ಡಿಎ, ಮನೆ ಬಾಡಿಗೆ ಎಲ್ಲ ಬರುತ್ತದೆ. ಪೆನ್ಷನ್ ಹಳೆಯದಲ್ಲ, ಎನ್‌ಪಿಎಸ್, ಅಂದರೆ ನಾವೂ ಬ್ಯಾಂಕೂ ತಿಂಗಳು ತಿಂಗಳು ಹಣ ಹಾಕುವ ಪೆನ್ಷನ್.

ಕಲ್ಪತರು_ಬಿಕಾಂ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಪಿಒ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದಾ? ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ರೀಸನಿಂಗ್ ಇಂಗ್ಲಿಷ್‌ನಲ್ಲಿ ಓದಿದರೆ ಅರ್ಥ ಆಗುತ್ತದೆ, ಆದರೆ ಟೈಮ್ ಜಾಸ್ತಿ ಹಿಡಿಯುತ್ತದೆ.

ಗಡಿಜಿಲ್ಲೆ_ಪಿಒ

ಪಿಒ ಇಲ್ಲ, ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಗ್ರಾಮೀಣ ಬ್ಯಾಂಕ್ ಪರೀಕ್ಷೆಗಳಿಗೆ 2019ರಲ್ಲಿ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆ ತಂದರು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗೆ 2021ರಲ್ಲಿ ಅದೇ ತೀರ್ಮಾನ ಆಯಿತು. ನಿಮ್ಮಂಥವರಿಗೆ ಗ್ರಾಮೀಣ ಬ್ಯಾಂಕ್ ಪರೀಕ್ಷೆ ನಿಜಕ್ಕೂ ಒಳ್ಳೆಯದು. ಅದರ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ ವಿಭಾಗವೇ ಇಲ್ಲ, ರೀಸನಿಂಗ್ ಮತ್ತು ಲೆಕ್ಕ ಮಾತ್ರ. ಆಫೀಸರ್ ಆದರೂ ರಾಜ್ಯ ಬಿಟ್ಟು ಹೋಗಬೇಕಿಲ್ಲ.

ಒಂದು ಬದಲಾವಣೆ ಗಮನಿಸಿ. ಮೊದಲು ನಮ್ಮಲ್ಲಿ ಬಳ್ಳಾರಿಯದ್ದು ಒಂದು, ಧಾರವಾಡದ್ದು ಒಂದು ಅಂತ ಎರಡು ಗ್ರಾಮೀಣ ಬ್ಯಾಂಕ್ ಇದ್ದವು. 2025ರ ಮೇ 1ರಿಂದ ಎರಡೂ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ, ಮುಖ್ಯ ಕಚೇರಿ ಬಳ್ಳಾರಿ. ಹಳೇ ಪುಸ್ತಕ ಓದಿಕೊಂಡು ಇಂಟರ್ವ್ಯೂಗೆ ಹೋಗಬೇಡಿ.

ಕರಾವಳಿ_ಹುಡುಗ

ನಾನು ಹೇಳುವುದು ಪ್ರೈವೇಟ್ ಬ್ಯಾಂಕಿನ ಕಥೆ. ಕ್ಯಾಂಪಸ್‌ನಿಂದ ನೇರ ರಿಲೇಷನ್‌ಶಿಪ್ ಆಫೀಸರ್ ಅಂತ ತಗೊಂಡರು. ಬ್ಯಾಂಕಿನ ಹೆಸರು ಬೇಡ.

ಹುದ್ದೆಯ ಹೆಸರು ಏನೇ ಇರಲಿ, ಕೆಲಸ ಮಾರಾಟ. ಬೆಳಿಗ್ಗೆ ಒಂಬತ್ತೂವರೆಗೆ ಮೀಟಿಂಗ್. ನಿನ್ನೆ ಎಷ್ಟು ಖಾತೆ, ಎಷ್ಟು ಇನ್ಶೂರೆನ್ಸ್, ಎಷ್ಟು ಕ್ರೆಡಿಟ್ ಕಾರ್ಡ್. ಹತ್ತರಿಂದ ಅಂಗಡಿ ಅಂಗಡಿ ತಿರುಗುವುದು. ತಿಂಗಳ ಕೊನೆಯ ವಾರ ಮನೆಯವರ ಹೆಸರಲ್ಲೂ ಖಾತೆ ತೆರೆಸಿದವರನ್ನ ನೋಡಿದ್ದೇನೆ. ನನಗೆ ಸಹಿಸಲಾಗದ್ದು ಒಂದೇ. ಎಫ್‌ಡಿ ಇಡಲು ಬಂದ ನಿವೃತ್ತ ಮೇಷ್ಟ್ರಿಗೆ ಐದು ವರ್ಷ ಪ್ರೀಮಿಯಂ ಕಟ್ಟುವ ಪಾಲಿಸಿ ಕೊಡಿಸು ಅಂದರು. ಅವರಿಗೆ ಬೇಕಿದ್ದಿದ್ದು ತಿಂಗಳ ಬಡ್ಡಿ. ಆ ಪಾಲಿಸಿಯಲ್ಲಿ ಅದು ಇರಲಿಲ್ಲ. ನಾನು ಎಫ್‌ಡಿಯನ್ನೇ ಮಾಡಿಸಿದೆ. ಮುಂದಿನ ರಿವ್ಯೂ ಹೇಗಿತ್ತು ಅಂತ ಹೇಳಬೇಕಿಲ್ಲ.

ಆದರೆ ನ್ಯಾಯವಾಗಿ ಹೇಳಬೇಕು. ಅಲ್ಲಿ ಜನರ ಜೊತೆ ಮಾತಾಡುವುದು ಕಲಿತೆ. ಮಾರಾಟ ಇಷ್ಟ ಇರುವವರು ಅಲ್ಲಿ ಬೇಗ ಮೇಲೆ ಹೋಗುತ್ತಾರೆ, ಸರ್ಕಾರಿ ಬ್ಯಾಂಕಿಗಿಂತ ತುಂಬಾ ಬೇಗ. ಪ್ರೈವೇಟ್ ಬ್ಯಾಂಕಿನಲ್ಲೂ ಕ್ರೆಡಿಟ್ (ಸಾಲ ತೀರ್ಮಾನಿಸುವ ವಿಭಾಗ), ರಿಸ್ಕ್, ಟ್ರೆಷರಿ (ಬ್ಯಾಂಕಿನದೇ ಹಣ ನೋಡಿಕೊಳ್ಳುವ ವಿಭಾಗ) ಎಲ್ಲ ಇದೆ. ಬಿಕಾಂ ಮುಗಿಸಿದ ಕೂಡಲೇ ಆ ಕುರ್ಚಿ ಸಿಗುವುದು ಕಷ್ಟ, ಅಲ್ಲಿಗೆ ಜಾಸ್ತಿ ಸಿಎ, ಎಂಬಿಎ ಮಾಡಿದವರನ್ನ ತಗೊಳ್ಳುತ್ತಾರೆ. ಆಫರ್ ಲೆಟರ್ ಬಂದಾಗ "ಸೇಲ್ಸ್ ಇದೆಯಾ" ಅಂತ ಕೇಳಬೇಡಿ, ಇಲ್ಲ ಅನ್ನುತ್ತಾರೆ. "ನನ್ನ ಮೊದಲ ಆರು ತಿಂಗಳ ಕೆಲಸವನ್ನ ಯಾವುದರ ಮೇಲೆ ಅಳೆಯುತ್ತೀರಿ" ಅಂತ ಕೇಳಿ.

ಇನ್ನೊಂದು. ಕೆಲವು ಬ್ಯಾಂಕುಗಳು ಕಾಲೇಜುಗಳ ಜೊತೆ ಸೇರಿ ಕೋರ್ಸ್ ನಡೆಸುತ್ತವೆ. ಫೀಸು ನಾವು ಕಟ್ಟಬೇಕು, ಮುಗಿದ ಮೇಲೆ ಕೆಲಸ. ಸೇರುವುದಾದರೆ ಸೇರಿ. ಆದರೆ ಎಷ್ಟು ವರ್ಷ ಬಿಡುವ ಹಾಗಿಲ್ಲ, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವ ಸಾಲನ್ನ ಅಪ್ಪ ಅಮ್ಮನ ಎದುರಿಗೆ ಓದಿ ಸಹಿ ಹಾಕಿ.

ಔಟರ್_ರಿಂಗ್_ರೋಡ್

ಬೆಂಗಳೂರಿನ ವಿದೇಶಿ ಬ್ಯಾಂಕ್ ಆಫೀಸುಗಳ ಬಗ್ಗೆ ನಾನು ಹೇಳುತ್ತೇನೆ. ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮಾರ್ಗನ್, ವೆಲ್ಸ್ ಫಾರ್ಗೋ, ಎಎನ್‌ಝಡ್, ನಾರ್ದರ್ನ್ ಟ್ರಸ್ಟ್ ಎಲ್ಲ ಇಲ್ಲಿವೆ. ಇಲ್ಲಿ ಗ್ರಾಹಕರು ಎದುರಿಗೆ ಬರಲ್ಲ. ಆ ಬ್ಯಾಂಕ್‌ಗಳ ಬೇರೆ ದೇಶದ ಕೆಲಸದ ಒಂದು ಭಾಗ ಇಲ್ಲಿ ನಡೆಯುತ್ತದೆ.

ಬಿಕಾಂ ಹುಡುಗ ಹುಡುಗಿಯರನ್ನ ಜಾಸ್ತಿ ತಗೊಳ್ಳುವುದು ಫಂಡ್ ಅಕೌಂಟಿಂಗ್, ರೆಕನ್ಸಿಲಿಯೇಷನ್, ಟ್ರೇಡ್ ಸೆಟಲ್‌ಮೆಂಟ್, ಕೆವೈಸಿ, ಮನಿ ಲಾಂಡರಿಂಗ್ ತಪಾಸಣೆ ಇಂಥ ತಂಡಗಳಿಗೆ. ನಾನು ರೆಕನ್ಸಿಲಿಯೇಷನ್‌ನಲ್ಲಿ ಇದ್ದೇನೆ, ಅಂದರೆ ಎರಡು ಕಡೆಯ ಲೆಕ್ಕ ತಾಳೆ ನೋಡುವ ಕೆಲಸ. ಉದಾಹರಣೆಗೆ ನಮ್ಮ ಪುಸ್ತಕದಲ್ಲಿ ಒಂದು ಫಂಡ್ ಹತ್ತಿರ 1,000 ಷೇರು ಇದೆ, ಷೇರು ಕಾಪಾಡಿ ಇಡುವ ಕಸ್ಟೋಡಿಯನ್ ಬ್ಯಾಂಕ್ ಕಳಿಸಿದ ಫೈಲ್‌ನಲ್ಲಿ 900 ಇದೆ. ಈ 100 ಎಲ್ಲಿ ಹೋಯಿತು? ಖರೀದಿ ಇನ್ನೂ ಸೆಟಲ್ ಆಗಿಲ್ಲವಾ, ಬೋನಸ್ ಷೇರು ಒಂದು ಕಡೆ ಮಾತ್ರ ಹತ್ತಿತಾ, ಯಾರಾದರೂ ತಪ್ಪು ಎಂಟ್ರಿ ಹಾಕಿದರಾ? ಹುಡುಕಿ ಸರಿಮಾಡಿಸಬೇಕು. ನೀವು ಪಿಯುಸಿಯಲ್ಲಿ ಮಾಡಿದ ಬ್ಯಾಂಕ್ ರೆಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ನೆನಪಿದೆಯಲ್ಲಾ, ತಳಹದಿ ಅದೇ. 2024ರ ಮೇ 28ರಿಂದ ಅಮೆರಿಕದ ಮಾರುಕಟ್ಟೆ ಟಿ ಪ್ಲಸ್ 1ಕ್ಕೆ ಬಂತು. ಅಂದರೆ ವ್ಯಾಪಾರ ಆದ ಮಾರನೇ ಕೆಲಸದ ದಿನವೇ ಷೇರು, ಹಣ ಕೈ ಬದಲಾಗಬೇಕು. ಹಾಗಾಗಿ ಇಂಥದ್ದನ್ನ ನಾಳೆ ನೋಡೋಣ ಅಂತ ಬಿಡುವ ಹಾಗಿಲ್ಲ. ಸಂಜೆ ಶಿಫ್ಟ್, ರಾತ್ರಿ ಶಿಫ್ಟ್ ಇರುತ್ತದೆ. ಕ್ಯಾಬ್ ಕಳಿಸುತ್ತಾರೆ, ಆದರೂ ದೇಹಕ್ಕೆ ಹೊಡೆತವೇ.

ಶನಿವಾರ ಭಾನುವಾರ ರಜೆ, ಆಫೀಸು ಚೆನ್ನಾಗಿದೆ, ಎಕ್ಸೆಲ್ ಚೆನ್ನಾಗಿ ಬಂದರೆ ಬೆಳೆಯಬಹುದು. ನನ್ನ ಪ್ರಕಾರ ಫೈನಾನ್ಸ್ ಓದಿದವರಿಗೆ ಶಾಖೆಯಲ್ಲಿ ಕೂತು ಪಾಸ್‌ಬುಕ್ ಎಂಟ್ರಿ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ.

ನಿವೃತ್ತ_ಶಾಖಾಧಿಕಾರಿ

ಮೇಲಿನ ಎಲ್ಲ ಉತ್ತರ ಓದಿದೆ. ಎಲ್ಲರೂ ಕಂಡಿದ್ದನ್ನ ಕಂಡ ಹಾಗೆ ಬರೆದಿದ್ದೀರಿ, ಸಂತೋಷ. ಆದರೆ ಬ್ಯಾಂಕ್ ಅಂದರೆ ಮುಖ್ಯವಾಗಿ ಸಾಲ ಕೊಡುವ ಜಾಗ. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ಬೇಡ ಅನ್ನಬೇಕು ಅನ್ನುವುದೇ ಅದರ ಜೀವಾಳ. ಆ ಕೆಲಸದ ಬಗ್ಗೆ ಇಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ. ಈ ಮಗುವಿಗೆ ರೇಷಿಯೋ ಇಷ್ಟ ಅಂತೆ. ಹಾಗಾದರೆ ಇವಳು ಕೂರಬೇಕಾದ ಕುರ್ಚಿ ಅದೇ.

ನಾನು ಬಿಎಸ್‌ಆರ್‌ಬಿ (ಐಬಿಪಿಎಸ್‌ಗೆ ಮುಂಚಿನ ಬ್ಯಾಂಕ್ ನೇಮಕಾತಿ ಮಂಡಳಿ) ಪರೀಕ್ಷೆ ಇದ್ದ ಕಾಲದಲ್ಲಿ ಸೇರಿದವನು. ಕೆಲಸದ ಬಹುಪಾಲು ಕ್ರೆಡಿಟ್ ವಿಭಾಗದಲ್ಲೇ ಕಳೆಯಿತು. ತಿಪಟೂರಿನ ಕಡೆಯವಳು ಅಂದಿದ್ದಕ್ಕೆ ಕೊಬ್ಬರಿಯದ್ದೇ ಉದಾಹರಣೆ ಕೊಡುತ್ತೇನಮ್ಮ. ಅಂಕಿಗಳು ಬರೀ ವಿವರಣೆಗೆ.

ಒಬ್ಬ ಕೊಬ್ಬರಿ ವರ್ತಕರು ಬಂದು ವ್ಯಾಪಾರಕ್ಕೆ ಕ್ಯಾಶ್ ಕ್ರೆಡಿಟ್, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲ ಬೇಕು ಅನ್ನುತ್ತಾರೆ. ಮುಂದಿನ ವರ್ಷ ಒಂದೂವರೆ ಕೋಟಿ ವಹಿವಾಟು ಆಗುತ್ತದೆ ಅಂತ ಕಾಗದ ಕೊಡುತ್ತಾರೆ. ಸಣ್ಣ ಉದ್ಯಮಗಳಿಗೆ ನಾಯಕ್ ಸಮಿತಿ ಹೇಳಿದ ಒಂದು ಸುಲಭ ಲೆಕ್ಕ ಇದೆ, ವಹಿವಾಟಿನ 20% ಬ್ಯಾಂಕ್ ಕೊಡುವುದು. 30 ಲಕ್ಷ ಆಯಿತು. ಇಷ್ಟಕ್ಕೆ ಮುಗಿಯುವುದಾದರೆ ಕ್ಯಾಲ್ಕುಲೇಟರ್ ಸಾಕು, ಆಫೀಸರ್ ಯಾಕೆ?

ಒಂದೂವರೆ ಕೋಟಿ ನಿಜವಾ? ಅದಕ್ಕೆ ಜಿಎಸ್‌ಟಿ ರಿಟರ್ನ್ ತೆಗೆಯಬೇಕು, ಆದಾಯ ತೆರಿಗೆ ರಿಟರ್ನ್ ತೆಗೆಯಬೇಕು, ಹಳೇ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಜಮಾ ಎಷ್ಟಾಗಿದೆ ನೋಡಬೇಕು. ಮೂರೂ ಮೂರು ದಾರಿ ಹಿಡಿದಿದ್ದರೆ ನಿಲ್ಲಬೇಕು. ಆಮೇಲೆ ಬ್ಯಾಲೆನ್ಸ್ ಶೀಟ್. ಸ್ಟಾಕ್ 40 ಲಕ್ಷ ಅಂತ ತೋರಿಸಿದ್ದಾರೆ. ಲಾಭ ಬದಿಗಿಟ್ಟು ಅಂದಾಜು ಮಾಡಿದರೆ ಸ್ಟಾಕ್ ವರ್ಷಕ್ಕೆ ಸುಮಾರು ನಾಲ್ಕು ಸಲವೂ ತಿರುಗುತ್ತಿಲ್ಲ, ಅಂದರೆ ಸರಕು ಗೋಡೌನ್‌ನಲ್ಲಿ ಮೂರು ತಿಂಗಳು ಕೂರುತ್ತಿದೆ. ಕೊಬ್ಬರಿ ಬೆಳೆಗಾರರ ಅಟ್ಟದಲ್ಲಿ ಕಾಯಿ ಹತ್ತು ಹನ್ನೊಂದು ತಿಂಗಳು ಕೂತು ಉಂಡೆ ಕೊಬ್ಬರಿ ಆಗುತ್ತದೆ, ಅದು ನಿನಗೇ ಗೊತ್ತು. ಅದು ಬೆಳೆಗಾರರ ಕಥೆ. ಕೊಂಡು ಮಾರುವವರ ಹತ್ತಿರ ಯಾಕೆ ಇಷ್ಟು ದಿನ ಕೂತಿದೆ? ಬೆಲೆ ಏರಲಿ ಅಂತ ಹಿಡಿದಿಟ್ಟಿದ್ದಾರಾ? ಹಾಗಿದ್ದರೆ ಆ ಅಪಾಯಕ್ಕೆ ಬ್ಯಾಂಕಿನ ದುಡ್ಡು ಹಾಕಬೇಕಾ? ಇಲ್ಲ, ಕಾಗದದಲ್ಲಿರುವ ಸರಕು ಗೋಡೌನ್‌ನಲ್ಲಿ ಇಲ್ಲವೇ ಇಲ್ಲವಾ? ನೀನು ಪುಸ್ತಕದಲ್ಲಿ ಮಾಡುವ ಸ್ಟಾಕ್ ಟರ್ನೋವರ್ ರೇಷಿಯೋ ಈ ಪ್ರಶ್ನೆ ಕೇಳಲಿಕ್ಕೇ ಇರುವುದು.

ಲಿಮಿಟ್ ಮಂಜೂರಾಯಿತು ಅಂತ ಇಟ್ಟುಕೊ. ಅಷ್ಟೂ ಡ್ರಾ ಮಾಡುವ ಹಾಗಿಲ್ಲ. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ತರಿಸಿ ಡ್ರಾಯಿಂಗ್ ಪವರ್ ಹಾಕಬೇಕು. ಸ್ಟಾಕ್ ಬೆಲೆಯಲ್ಲಿ, ದುಡ್ಡು ಕೊಡಬೇಕಿರುವ ಸರಕಿನ ಬಾಬ್ತು ಕಳೆದು, ಉಳಿದದ್ದರಲ್ಲಿ 25% ಮಾರ್ಜಿನ್ ಬಿಟ್ಟು, ಮಿಕ್ಕಿದ್ದು ಅವರು ತೆಗೆಯಬಹುದಾದ ಹಣ.

ಈಗ ನಿನಗೊಂದು ಲೆಕ್ಕ. ವರ್ತಕರ ಹತ್ತಿರ 250 ಕ್ವಿಂಟಲ್ ಕೊಬ್ಬರಿ ಇದೆ. ಕೊಂಡಿದ್ದು ಕ್ವಿಂಟಲ್‌ಗೆ 16,000ದಂತೆ. ಸ್ಟೇಟ್‌ಮೆಂಟ್‌ನಲ್ಲಿ ಅದೇ ದರದಲ್ಲಿ 40 ಲಕ್ಷ ಅಂತ ಬರೆದಿದ್ದಾರೆ. ಬೇರೆಯವರಿಗೆ ಕೊಡಬೇಕಿರುವುದು 8 ಲಕ್ಷ. ಈ ವಾರ ಎಪಿಎಂಸಿಯಲ್ಲಿ ದರ 14,000ಕ್ಕೆ ಇಳಿದಿದೆ. ಡ್ರಾಯಿಂಗ್ ಪವರ್ ಎಷ್ಟು ಹಾಕುತ್ತೀಯಾ? ಯೋಚನೆ ಮಾಡಿ ಬರೆ.

ಗಡಿಜಿಲ್ಲೆ_ಪಿಒ

ಸರ್, ನೀವು ಹೇಳಿದ್ದು ಓದಿ ಖುಷಿಯಾಯಿತು. ಆದರೆ ಗೌರವದಿಂದಲೇ ಒಂದು ಮಾತು. ಈಗಿನ ಶಾಖೆಯಲ್ಲಿ ಇಂಥ ಫೈಲ್ ನಮ್ಮ ಕೈಗೆ ಬರುವುದು ಕಮ್ಮಿ. ಮನೆ ಸಾಲ, ಸಣ್ಣ ಉದ್ಯಮದ ಸಾಲ ಎಲ್ಲ ಈಗ ಪ್ರೊಸೆಸಿಂಗ್ ಹಬ್‌ಗೆ ಹೋಗುತ್ತವೆ. ನಾವು ಅರ್ಜಿ ತಗೊಂಡು, ಕಾಗದ ಜೋಡಿಸಿ ಕಳಿಸುತ್ತೇವೆ. ಮಂಜೂರು ಅಲ್ಲಿ. ಸಾಲ ಕೆಟ್ಟರೆ ಮಾತ್ರ ಫೋನ್ ಮಾಡುವವರು ನಾವು. ಹೊಸಬರಿಗೆ ಬ್ಯಾಲೆನ್ಸ್ ಶೀಟ್ ಓದಲು ಕೂರಿಸುವವರು ಯಾರು?

ನಿವೃತ್ತ_ಶಾಖಾಧಿಕಾರಿ

ನೀವು ಹೇಳುವುದು ನಿಜ ಮೇಡಂ. ನಮ್ಮ ಕಾಲದಲ್ಲಿ ಅರ್ಜಿಯಿಂದ ವಸೂಲಿವರೆಗೆ ಶಾಖೆಯಲ್ಲೇ ಆಗುತ್ತಿತ್ತು. ಈಗ ಹಬ್ ಬಂದ ಮೇಲೆ ಕಲಿಕೆ ಎರಡು ತುಂಡಾಗಿದೆ, ಇದು ನನಗೂ ಬೇಸರದ ವಿಷಯವೇ. ಸಾಲಗಾರರ ಮುಖ ನೋಡಿದವರು ಲೆಕ್ಕ ನೋಡಲ್ಲ, ಲೆಕ್ಕ ನೋಡಿದವರು ಮುಖ ನೋಡಲ್ಲ.

ಅದಕ್ಕೇ ಹೊಸಬರಿಗೆ ನಾನು ಹೇಳುವುದು: ಶಾಖೆಯಲ್ಲಿ ಒಂದೆರಡು ವರ್ಷ ಕಳೆದ ಮೇಲೆ ಬಾಯಿಬಿಟ್ಟು ಕ್ರೆಡಿಟ್ ಕೇಳಿ. ಹಬ್‌ಗೆ ಹಾಕಿ ಅಂತ ರೀಜನಲ್ ಆಫೀಸಿಗೆ ಬರೆಯಿರಿ. ಟಾರ್ಗೆಟ್, ಆಡಿಟ್, ಹೊಣೆಗಾರಿಕೆ ಜಾಸ್ತಿ ಅಂತ ಬಹಳ ಜನ ಕ್ರೆಡಿಟ್ ಬೇಡ ಅನ್ನುತ್ತಾರೆ. ಕೇಳಿದವರಿಗೆ ಸಿಗುವ ಸಂಭವ ಹೆಚ್ಚು. ಬ್ಯಾಂಕ್ ನೌಕರರು ಬರೆಯುವ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳನ್ನ ಇಂಕ್ರಿಮೆಂಟ್‌ಗೆ ಅಂತ ಮಾತ್ರ ಬರೆಯಬೇಡಿ. ಜೆಎಐಐಬಿಯಲ್ಲಿ ನಾಲ್ಕು ಪೇಪರ್, ಅದರಲ್ಲಿ ಅಕೌಂಟಿಂಗ್ ಪೇಪರ್‌ಗೆ ಬೇರೆಯವರು ಹೆದರುತ್ತಾರೆ, ಬಿಕಾಂ ಓದಿದವರಿಗೆ ಅದು ಮನೆಯ ಅಂಗಳ.

ಔಟರ್ ರಿಂಗ್ ರೋಡ್ ಅವರಿಗೂ ಒಂದು ಮಾತು. ನಿಮ್ಮ ಕೆಲಸ ಕಮ್ಮಿ ಅಂತ ನಾನು ಹೇಳಲ್ಲ. ತಪ್ಪು ಹುಡುಕುವುದು ದೊಡ್ಡ ವಿದ್ಯೆ. ಆದರೆ ಶಾಖೆ ಅಂದರೆ ಪಾಸ್‌ಬುಕ್ ಮಾತ್ರ ಅಲ್ಲ ಅಂತ ಹೊಸಬರಿಗೆ ಗೊತ್ತಾಗಬೇಕು.

ಔಟರ್_ರಿಂಗ್_ರೋಡ್

ಒಪ್ಪಿದೆ ಸರ್. ನನ್ನದು ಒಂದೇ ಮಾತು ಉಳಿದಿದೆ. ನಮ್ಮ ಕಡೆಯೂ ಕ್ರೆಡಿಟ್ ಅನಾಲಿಸಿಸ್ ತಂಡಗಳಿವೆ. ವಿದೇಶದ ಕಂಪನಿಗಳ ಬ್ಯಾಲೆನ್ಸ್ ಶೀಟ್ ಬಿಡಿಸಿ ರೇಟಿಂಗ್ ಟಿಪ್ಪಣಿ ಬರೆಯುತ್ತಾರೆ. ರೆಕನ್ಸಿಲಿಯೇಷನ್‌ನಿಂದ ಅಲ್ಲಿಗೆ ಒಳಗಿಂದೊಳಗೇ ಹೋದವರು ನಮ್ಮಲ್ಲಿ ಇದ್ದಾರೆ. ಆದರೆ ಅವರು ಆ ಕಂಪನಿಯ ಗೋಡೌನ್ ಯಾವತ್ತೂ ನೋಡಲ್ಲ, ಅದು ನಿಜ.

ಗದಗ_ಸಹಕಾರಿ

ಸಹಕಾರಿ ಬ್ಯಾಂಕ್ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾಯಿತು. ಡಿಸಿಸಿ ಬ್ಯಾಂಕ್, ಪಟ್ಟಣ ಸಹಕಾರಿ ಬ್ಯಾಂಕ್‌ಗಳಲ್ಲಿ ಹುದ್ದೆ ಆಗಾಗ ಕರೆಯುತ್ತಾರೆ. ಸಂಬಳ ಬ್ಯಾಂಕಿನಿಂದ ಬ್ಯಾಂಕಿಗೆ ತುಂಬಾ ವ್ಯತ್ಯಾಸ. ಸೇರುವ ಮುಂಚೆ ಆ ಬ್ಯಾಂಕಿನ ವಾರ್ಷಿಕ ವರದಿ ತೆಗೆದು ಎನ್‌ಪಿಎ ಎಷ್ಟಿದೆ, ಆಡಿಟ್ ವರ್ಗ ಯಾವುದು ನೋಡಿ. ನಿಮಗೆ ಅದು ಓದಲು ಬರುತ್ತದಲ್ಲಾ.

ಕಲ್ಪತರು_ಬಿಕಾಂ

ಸರ್, ಲೆಕ್ಕ ಮಾಡಿದೆ. ಸ್ಟಾಕ್ ಬೆಲೆ ಹಾಕುವಾಗ ಕೊಂಡ ಬೆಲೆ ಇಲ್ಲವೇ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅದು ಅಂತ ಓದಿದ್ದೇವೆ. ಹಾಗಾಗಿ 250 ಕ್ವಿಂಟಲ್‌ಗೆ 14,000ದಂತೆ 35 ಲಕ್ಷ. ಅದರಲ್ಲಿ 8 ಲಕ್ಷ ಕಳೆದರೆ 27. ಕಾಲು ಭಾಗ ಬಿಟ್ಟರೆ 20.25 ಲಕ್ಷ. ಅವರ ಸ್ಟೇಟ್‌ಮೆಂಟ್ ಪ್ರಕಾರ ಹಾಕಿದ್ದರೆ 24 ಲಕ್ಷ ಬರುತ್ತಿತ್ತು. 3.75 ಲಕ್ಷ ವ್ಯತ್ಯಾಸ. ಸರಿ ಇದೆಯಾ?

ಇನ್ನೊಂದು ವಿಷಯ. 2023ರಲ್ಲಿ ಕೊಬ್ಬರಿ ದರ ಬಿದ್ದಾಗ ನಮ್ಮ ಕಡೆ ರೈತರು ಧರಣಿ ಕೂತಿದ್ದರು. ಅವಾಗ ವರ್ತಕರು "ಬ್ಯಾಂಕಿನವರು ದುಡ್ಡು ಬಿಡುತ್ತಿಲ್ಲ, ಅದಕ್ಕೆ ನಿಮ್ಮ ಮಾಲು ತಗೊಳ್ಳಲು ಆಗಲ್ಲ" ಅಂತ ಅಪ್ಪನಿಗೆ ಹೇಳಿದ್ದು ನೆನಪಿದೆ. ಯಾಕೆ ಅಂತ ಈಗ ಅರ್ಥ ಆಯಿತು.

ನಿವೃತ್ತ_ಶಾಖಾಧಿಕಾರಿ

ಲೆಕ್ಕ ಸರಿ ಇದೆ ಮಗಳೇ. ಕೊನೆಯಲ್ಲಿ ಬರೆದೆಯಲ್ಲ, ಅದು ಲೆಕ್ಕಕ್ಕಿಂತ ದೊಡ್ಡದು. ದರ ಬಿದ್ದಾಗ ಡ್ರಾಯಿಂಗ್ ಪವರ್ ತಾನಾಗೇ ಇಳಿಯುತ್ತದೆ. ವರ್ತಕರ ಕೈ ಕಟ್ಟುತ್ತದೆ, ಅವರು ಕೊಳ್ಳುವುದು ನಿಲ್ಲಿಸುತ್ತಾರೆ, ದರ ಇನ್ನೂ ಬೀಳುತ್ತದೆ. ಪೆಟ್ಟು ಬೀಳುವುದು ರೈತರಿಗೆ. ನಿಯಮ ಪಾಲಿಸುತ್ತಲೇ, ಒಳ್ಳೆಯ ವರ್ತಕರನ್ನ ಗುರುತಿಸಿ ಅವರಿಗೆ ಸಮಯ ಕೊಡಿಸುವುದು ಹೇಗೆ ಅನ್ನುವುದು ಕ್ರೆಡಿಟ್ ಆಫೀಸರ್ ಜಾಣತನ. ತೆಂಗಿನ ಸೀಮೆಯಲ್ಲಿ ಬೆಳೆದವಳಿಗೆ ಈ ಊರಿನ ವ್ಯಾಪಾರ ಹೇಗೆ ಓಡುತ್ತದೆ ಅಂತ ಬೇರೆಯವರು ಹೇಳಿಕೊಡಬೇಕಿಲ್ಲ.

ಇನ್ನೂ ಎರಡು ಪ್ರಶ್ನೆ ನೀನು ಕೇಳಲಿಲ್ಲ. ಆ ಸರಕಿಗೆ ಇನ್ಶೂರೆನ್ಸ್ ಇದೆಯಾ, ಎಷ್ಟಕ್ಕೆ? 250 ಕ್ವಿಂಟಲೂ ಅವರದ್ದೇನಾ, ಅಥವಾ ಬೇರೆಯವರು ಕಮಿಷನ್‌ಗೆ ತಂದಿಟ್ಟಿದ್ದೂ ಸೇರಿದೆಯಾ? ಗೋಡೌನ್‌ಗೆ ಹೋದಾಗ ಮುಂದಿನ ಸಾಲಿನ ಚೀಲ ಮಾತ್ರ ನೋಡಿ ಬರಬಾರದು. ಹಿಂದಿನ ಚೀಲವನ್ನೂ ಬಿಚ್ಚಿಸಿ ನೋಡಬೇಕು, ಬೂಸ್ಟು ಹಿಡಿದಿದ್ದರೆ ಅದಕ್ಕೆ ಆ ದರ ಬರಲ್ಲ.

ಆರ್‌ಬಿಐ_ಆಸೆ

ನಾನೂ ಬಿಕಾಂ, ಆರ್‌ಬಿಐ ಗ್ರೇಡ್ ಬಿ ಆಫೀಸರ್ ಪರೀಕ್ಷೆಗೆ ಓದುತ್ತಿದ್ದೇನೆ. ನಿಮ್ಮ ಫೈನಾನ್ಸ್ ನೇರವಾಗಿ ಉಪಯೋಗಕ್ಕೆ ಬರುವ ಪರೀಕ್ಷೆ ಇದು. ಎರಡನೇ ಹಂತದಲ್ಲಿ ಆರ್ಥಿಕ ಮತ್ತು ಸಾಮಾಜಿಕ ವಿಷಯಗಳು ಒಂದು ಪೇಪರ್, ಇಂಗ್ಲಿಷ್ ಒಂದು, ಫೈನಾನ್ಸ್ ಮತ್ತು ಮ್ಯಾನೇಜ್‌ಮೆಂಟ್ ಒಂದು. ಸಾಮಾನ್ಯ ವರ್ಗಕ್ಕೆ ಡಿಗ್ರಿಯಲ್ಲಿ 60% ಬೇಕು, ವಯಸ್ಸು 21ರಿಂದ 30. ಕೊನೆಯ ಸೆಮಿಸ್ಟರ್‌ನ ಅಂಕ ಹಗುರಾಗಿ ತಗೊಳ್ಳಬೇಡಿ. ಅಲ್ಲಿ ಸಾಲ ಕೊಡುವ ಕೆಲಸ ಇಲ್ಲ, ಬ್ಯಾಂಕುಗಳನ್ನ ನೋಡಿಕೊಳ್ಳುವ ಕೆಲಸ. ಹುದ್ದೆ ಕಮ್ಮಿ, ಪೈಪೋಟಿ ಜಾಸ್ತಿ. ಕೃಷಿ, ಹಳ್ಳಿಗಳ ಸಾಲದ ವ್ಯವಸ್ಥೆ ನೋಡಿಕೊಳ್ಳುವ ನಾಬಾರ್ಡ್‌ನ ಗ್ರೇಡ್ ಎ ಕೂಡ ನೋಡಿ, ಹಳ್ಳಿ ಕಡೆಯವರಿಗೆ ಅಲ್ಲಿನ ವಿಷಯ ಚೆನ್ನಾಗಿ ಹಿಡಿಸುತ್ತದೆ.

ಕೌಂಟರ್_3

ತಂಗಿ, ಇನ್ನೊಂದು ದಾರಿ ಇದೆ. ಸರ್ಕಾರಿ ಬ್ಯಾಂಕುಗಳು ಪದವೀಧರರನ್ನ ಒಂದು ವರ್ಷಕ್ಕೆ ಅಪ್ರೆಂಟಿಸ್ ಆಗಿ ತಗೊಳ್ಳುತ್ತವೆ. ಕೆನರಾ ಬ್ಯಾಂಕ್ 2024ರಲ್ಲಿ ಕರೆದಾಗ ತಿಂಗಳಿಗೆ 15,000 ಸ್ಟೈಪೆಂಡ್ ಇತ್ತು. ವರ್ಷ ಮುಗಿದ ಮೇಲೆ ಕಾಯಂ ಮಾಡುತ್ತಾರೆ ಅಂತ ಇಲ್ಲ, ಅದನ್ನ ತಿಳಿದುಕೊಂಡೇ ಸೇರಬೇಕು. ಆದರೆ ಒಳಗೆ ಕೂತು ನೋಡಲು ಇದಕ್ಕಿಂತ ಒಳ್ಳೆ ಅವಕಾಶ ಇಲ್ಲ. ನಮ್ಮ ಶಾಖೆಗೆ ಬಂದಿದ್ದ ಹುಡುಗಿ ಬೆಳಿಗ್ಗೆ ಕೆಲಸ, ರಾತ್ರಿ ಓದು ಅಂತ ಮಾಡಿ ಕ್ಲರ್ಕ್ ಪರೀಕ್ಷೆ ಪಾಸಾದಳು. ಕ್ಯಾಶ್ ಬೇಡ, ಸಾಲದ ಮೇಜಿನ ಹತ್ತಿರ ಕೂರಿಸಿ ಅಂತ ಮ್ಯಾನೇಜರ್‌ನ ಕೇಳಿಕೊಳ್ಳಿ.

ಕಲ್ಪತರು_ಬಿಕಾಂ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ. ಗ್ರಾಮೀಣ ಬ್ಯಾಂಕ್ ಆಫೀಸರ್ ಪರೀಕ್ಷೆ ಕನ್ನಡದಲ್ಲಿ ಬರೆಯುತ್ತೇನೆ, ಜೊತೆಗೆ ಐಬಿಪಿಎಸ್ ಪಿಒ. ಅಪ್ರೆಂಟಿಸ್ ಕರೆದರೆ ಅರ್ಜಿ ಹಾಕುತ್ತೇನೆ. ಕ್ಯಾಂಪಸ್ ಆಫರ್ ಬಂದರೆ ಅಣ್ಣ ಹೇಳಿದ ಪ್ರಶ್ನೆ ಕೇಳಿ ನೋಡುತ್ತೇನೆ. ಎಲ್ಲಿ ಸೇರಿದರೂ ಕ್ರೆಡಿಟ್ ಕಡೆಗೇ ಹೋಗಬೇಕು ಅನ್ನುವುದು ಮಾತ್ರ ಗಟ್ಟಿಯಾಯಿತು.

ಕೊನೆಯದಾಗಿ ಒಂದು ಪ್ರಶ್ನೆ. ನನ್ನ ಹೆಸರಲ್ಲಿ ಎಜುಕೇಷನ್ ಲೋನ್ ಇದೆ. ಬ್ಯಾಂಕ್ ಕೆಲಸಕ್ಕೆ ಸಿಬಿಲ್ (ಸಾಲ ಸರಿಯಾಗಿ ಕಟ್ಟಿದ್ದೇವಾ ಅನ್ನುವ ದಾಖಲೆ) ನೋಡುತ್ತಾರೆ ಅಂತ ಹಾಸ್ಟೆಲ್‌ನಲ್ಲಿ ಹೇಳುತ್ತಿದ್ದರು. ತೊಂದರೆ ಆಗುತ್ತದಾ?

ಗಡಿಜಿಲ್ಲೆ_ಪಿಒ

ನೋಡುತ್ತಾರೆ. ನೋಟಿಫಿಕೇಷನ್‌ನಲ್ಲೇ ಕ್ರೆಡಿಟ್ ಹಿಸ್ಟರಿ ಬಗ್ಗೆ ಒಂದು ಪ್ಯಾರಾ ಇರುತ್ತದೆ, ಪೂರ್ತಿ ಓದಿ. ಸಾಲ ಇರುವುದು ತೊಂದರೆ ಅಲ್ಲ. ಕಟ್ಟಬೇಕಾದಾಗ ಕಟ್ಟದೆ ಇರುವುದು ತೊಂದರೆ. ಎಜುಕೇಷನ್ ಲೋನ್‌ಗೆ ಓದು ಮುಗಿದ ಮೇಲೂ ಸ್ವಲ್ಪ ಕಾಲ ಕಂತು ಇರಲ್ಲ. ಅದು ಯಾವ ತಿಂಗಳು ಮುಗಿಯುತ್ತದೆ ಅಂತ ಸಾಲ ಕೊಟ್ಟ ಶಾಖೆಗೆ ಹೋಗಿ ಬರೆಸಿಕೊಂಡು ಬನ್ನಿ. ಹಾಸ್ಟೆಲ್ ಬಿಟ್ಟಾಗ ವಿಳಾಸ, ಫೋನ್ ನಂಬರ್ ಬದಲಾದರೆ ಅಲ್ಲಿ ಬದಲಾಯಿಸಿ. ಕಂತು ಶುರುವಾಗಿದ್ದು ಗೊತ್ತಾಗದೆ ಬಾಕಿ ಬಿದ್ದವರನ್ನ ನಾನೇ ಫೋನ್ ಮಾಡಿ ಕರೆಸುತ್ತೇನೆ, ಎಲ್ಲ ಒಳ್ಳೆ ಮಕ್ಕಳೇ. ವರ್ಷಕ್ಕೆ ಒಂದು ಸಲ ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ಸಿಗುತ್ತದೆ, ಈಗಲೇ ತೆಗೆದು ನೋಡಿ. ನಿಮ್ಮದಲ್ಲದ ಸಾಲ ಏನಾದರೂ ಅದರಲ್ಲಿ ಕಂಡರೆ ತಕ್ಷಣ ದೂರು ಹಾಕಿ, ಸರಿಯಾಗಲು ಸಮಯ ಹಿಡಿಯುತ್ತದೆ. ಪರೀಕ್ಷೆಗೆ ಒಳ್ಳೆಯದಾಗಲಿ.